ಸ್ಥಾಲೀಪುಲಾಕನ್ಯಾಯವೂ ಎಣಿಸುವವನ ಧರ್ಮವೂ

ಕುದಿಯುವ ಅನ್ನದ ಪಾತ್ರೆಯಿಂದ ಒಂದು ಅಗುಳನ್ನು ಹಿಚುಕಿ ನೋಡಿ ಎಲ್ಲವೂ ಬೆಂದಿತೆಂದು ತಿಳಿಯುವದಕ್ಕೆ ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಹೆಸರಿಟ್ಟರು. ಇಂದಿನ ಸಂಖ್ಯಾಶಾಸ್ತ್ರದ ದೊಡ್ಡದೊಂದು ಭಾಗವು ಈ ನ್ಯಾಯದ ವಿಸ್ತಾರವೇ ಆಗಿದೆ. ಆದರೆ ಅಗುಳನ್ನು ಆರಿಸುವವನು ಪಕ್ಷಪಾತಿಯಾದರೆ ನ್ಯಾಯವೇ ಅನ್ಯಾಯವಾಗುವದು.

ಬೆಳೆ ಕಟಾವು ಪ್ರಯೋಗಕ್ಕೆ ನಿಯುಕ್ತನಾದ ನನ್ನ ಹಳೆಯ ಶಿಷ್ಯನೊಬ್ಬನು ಈಚೆಗೆ ಮನೆಗೆ ಬಂದು, "ಗುರುಗಳೇ, ಬಡ ರೈತನ ಮೇಲಿನ ಕರುಣೆಯಿಂದ ತೂಕವನ್ನು ಸ್ವಲ್ಪ ಕಡಿಮೆ ಬರೆದರೆ ಪಾಪವೇನು?" ಎಂದು ಕೇಳಿದನು. ಪ್ರಶ್ನೆಯು ಕ್ಷುಲ್ಲಕವಾದುದಲ್ಲ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಹಾನಗಲ್ಲಿನ ಭತ್ತಕ್ಕಾಗಲಿ, ಹಿರೇಕೆರೂರು, ಶಿಗ್ಗಾಂವಿ, ಸವಣೂರುಗಳ ಗೋವಿನಜೋಳಕ್ಕಾಗಲಿ ಇಳುವರಿಯ ಪರಿಹಾರವು ಒಬ್ಬೊಬ್ಬನ ಹೊಲವನ್ನು ನೋಡಿ ನಿಶ್ಚಯವಾಗುವದಿಲ್ಲ. ಚೀಟಿ ಎತ್ತಿದಂತೆ ಆರಿಸಿದ ಕೆಲವೇ ಹೊಲಗಳಲ್ಲಿ 5 ಮೀಟರು ಉದ್ದ, 5 ಮೀಟರು ಅಗಲದ ತಾಕನ್ನು ಅಳೆದು, ಕೊಯ್ದು, ಒಕ್ಕಿ ತೂಗುವರು. ಆ ತೂಕವೇ ಇಡೀ ಗ್ರಾಮ ಪಂಚಾಯತಿಯ ಪರವಾಗಿ ಮಾತನಾಡುವದು. ಸರಾಸರಿಯು ಗೊತ್ತಾದ ಮಟ್ಟಕ್ಕಿಂತ ಇಳಿದರೆ ಆ ಬೆಳೆಗೆ ವಿಮೆ ಮಾಡಿಸಿದವರೆಲ್ಲರಿಗೂ ಹಣವುಂಟು. ಇಳಿಯದಿದ್ದರೆ ಯಾರಿಗೂ ಇಲ್ಲ. ಬದುವಿನ ಮೇಲೆ ಒಂದು ಕಡೆಗೆ ಸಾಲ ಹೊತ್ತ ರೈತನು, ಇನ್ನೊಂದು ಕಡೆಗೆ ವಿಮಾ ಕಂಪನಿಯ ಪ್ರತಿನಿಧಿಯು. ನಡುವೆ ತಕ್ಕಡಿ ಹಿಡಿದವನು.

ನಾನೆಂದೆನು: "ತಮ್ಮಾ, ದಯೆಯು ದೊಡ್ಡದು. ಆದರೆ ಅದನ್ನು ನಿನ್ನ ಕೈಯಿಂದ ಕೊಡು, ತಕ್ಕಡಿಯಿಂದ ಕೊಡಬೇಡ. ಆ ಮಟ್ಟವು ಹಿಂದಿನ 7 ವರ್ಷಗಳ ಇಳುವರಿಯಿಂದಲೇ ಹುಟ್ಟುವದು. ಕೆಟ್ಟ 2 ವರ್ಷಗಳನ್ನು ಬಿಟ್ಟು ಲೆಕ್ಕ ಹಾಕಿದರೂ, ಕಡಿಮೆ ಬರೆಯುವದೇ ರೂಢಿಯಾದರೆ ಮಟ್ಟವು ಕುಸಿಯುವದು. ನಿಜವಾದ ಬರ ಬಂದಾಗ ಅದೇ ರೈತನ ಮಗನು ಬರಿಗೈಯಲ್ಲಿ ಮರಳುವನು. ಒಮ್ಮೆ ನಂಬಿಕೆ ಕೆಟ್ಟಿತೆಂದರೆ ನಿನ್ನ ಸತ್ಯವಾದ ಅಂಕಿಯನ್ನೂ ಯಾರೂ ನಂಬರು."

ಹಾಗಾದರೆ ಅಂಕಿಯೇ ಅನ್ಯಾಯವೆಂದು ತೋರಿದಾಗ ಸುಮ್ಮನಿರತಕ್ಕದ್ದೇ? ಹಾಗೇನಿಲ್ಲ. 1918ರಲ್ಲಿ, ನಮ್ಮ ಹಾನಗಲ್ಲಿನಂತೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಖೇಡಾ ಜಿಲ್ಲೆಯಲ್ಲಿ, ಹದಿನಾರಾಣೆಯ ಪೂರ್ಣ ಬೆಳೆಗೆ ಹೋಲಿಸಿದರೆ ಆ ವರ್ಷದ್ದು ನಾಲ್ಕಾಣೆಗಿಂತ ಕಡಿಮೆಯೋ ಹೆಚ್ಚೋ ಎಂಬುದೇ ವಾದವಾಗಿತ್ತು. ಗಾಂಧೀಜಿಯವರೂ ಅವರ ಸಂಗಡಿಗರೂ ಹಳ್ಳಿಹಳ್ಳಿಗೆ ಹೋಗಿ ತಾವೇ ವಿಚಾರಿಸಿ, ಸರಕಾರದ ಅಂಕಿಯನ್ನು ಬಹಿರಂಗವಾಗಿ ಅಲ್ಲಗಳೆದರು. ಎಣಿಸುವವನಿಗೂ ಇದೇ ದಾರಿಯು. ಕಂಡದ್ದನ್ನು ಕಂಡಂತೆ ಬರೆಯಬೇಕು. ಎಣಿಸುವ ರೀತಿಯೇ ತಪ್ಪೆನಿಸಿದರೆ ಆ ಮಾತನ್ನು ತನ್ನ ಹೆಸರು ಹಾಕಿ ಮೇಲಿನವರಿಗೆ ತಿಳಿಸಬೇಕು.

ಶಿಷ್ಯನು ಬಹಳ ಹೊತ್ತು ಮೌನವಾಗಿದ್ದು, "ಆ ರೈತನ ಮುಖವನ್ನು ನೋಡುವದು ಕಷ್ಟ, ಗುರುಗಳೇ" ಎಂದನು. ಕಷ್ಟವೇ ಸರಿ. ಆ ಕಷ್ಟವನ್ನು ತಾಳಿಕೊಂಡು ನೆಟ್ಟಗೆ ತೂಗುವವನಿಗೇ ತಕ್ಕಡಿ ಹಿಡಿಯುವ ಅಧಿಕಾರವುಂಟು.