ಹತ್ತು ನಿಮಿಷದ ಪಾಲು

ಹೊರನಾಡ ಕನ್ನಡಿಗರು ನಾಲ್ಕು ಜನ ಒಂದೆಡೆ ಸೇರಿದರೆ, ಊಟ ಮುಗಿಯುವ ಹೊತ್ತಿಗೆ ಮಾತು ಹೇಗೋ ಬೆಂಗಳೂರು ದೂರದರ್ಶನಕ್ಕೆ ಬಂದು ನಿಲ್ಲುತ್ತದೆ. ಅದರಲ್ಲೂ ನಲವತ್ತು ದಾಟಿದವರಿದ್ದರೆ ಕೇಳುವುದೇ ಬೇಡ. ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದ್ದು, ಕೆಳಗಿನಿಂದ 'ಬಂತು, ಬಂತು, ಹೋಯ್ತು' ಎಂಬ ಕೂಗು, ಚಿತ್ರಮಂಜರಿಗೆ ಪಕ್ಕದ ಮನೆಯವರೆಲ್ಲ ಬಂದು ಕೂತದ್ದು. ಈ ನೆನಪುಗಳ ಬಗ್ಗೆ ನನ್ನ ತಕರಾರಿಲ್ಲ. ನನ್ನಲ್ಲೂ ಅವೇ ಇವೆ. ಆದರೆ ಅದೇ ಕೇಂದ್ರದ ಇನ್ನೊಂದು ನೆನಪು ನಮ್ಮ ಈ ಹರಟೆಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಸಂಜೆ ಹೊತ್ತು ಉರ್ದುವಿನಲ್ಲಿ ಹತ್ತು ನಿಮಿಷದ ವಾರ್ತೆ ಶುರು ಮಾಡಿತು. ಪ್ರತಿಭಟನೆ ನಡೆಯಿತು. ಪ್ರತಿಭಟನೆ ಗಲಭೆಯಾಯಿತು. ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತುಹೋಯಿತು.

ಆಗ ವಿಧಾನಸಭೆ ಚುನಾವಣೆ ಹೊಸ್ತಿಲಲ್ಲಿತ್ತು, ಅದು ಮತಕ್ಕಾಗಿ ಮಾಡಿದ ಹಂಚಿಕೆ ಎಂದು ವಿರೋಧಿಸಿದವರು ಹೇಳಿದರು. ಇದ್ದಿರಬಹುದು. ಕೊಡುವವನ ಉದ್ದೇಶ ಕೆಟ್ಟದ್ದಾದರೆ ಪಡೆಯುವವನ ಹಕ್ಕು ಇಲ್ಲವಾಗುತ್ತದೆಯೇ? ಚುನಾವಣೆ ಬಂತೆಂದು ಕಾರ್ಪೊರೇಟರ್ ನಮ್ಮ ಬೀದಿಗೆ ಡಾಂಬರು ಹಾಕಿಸಿದರೆ ಆ ಬೀದಿಯಲ್ಲಿ ನಡೆಯುವುದಿಲ್ಲ ಎಂದು ನಾವು ಹಟ ಹಿಡಿಯುವುದಿಲ್ಲ. ಇದು ಸುಲಭದ ಆಕ್ಷೇಪ, ಇಲ್ಲಿಗೇ ಬಿಡೋಣ.

ಸುಲಭವಲ್ಲದ ಆಕ್ಷೇಪ ಬೇರೆ. ಕನ್ನಡಕ್ಕೇ ಅಲ್ಲಿ ಜಾಗ ಸಾಲದಿತ್ತು ಎಂಬುದು ಸುಳ್ಳಲ್ಲ. ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ಮರುವರ್ಷವೇ, 1982ರ ಆಗಸ್ಟ್ 15ರಿಂದ, ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಎಲ್ಲ ಕೇಂದ್ರಗಳಿಗೂ ಬಂತು. ರಾತ್ರಿಯ ಒಳ್ಳೆಯ ಹೊತ್ತು ಹಿಂದಿಗೆ, ಇಂಗ್ಲಿಷಿಗೆ. ನಮ್ಮ ಶಂಕರ್‌ನಾಗ್ ನಮ್ಮ ಆಗುಂಬೆಯಲ್ಲಿ, ಮೈಸೂರಿನ ನಾರಾಯಣ್ ಬರೆದ ಕತೆಗಳನ್ನು ಚಿತ್ರಿಸಿದ 'ಮಾಲ್ಗುಡಿ ಡೇಸ್' ಕೂಡ ನಮ್ಮ ಮನೆಗೆ ಬಂದದ್ದು ಹಿಂದಿಯಲ್ಲಿ. ಆಗುಂಬೆಯ ಮಳೆಗೂ ಹಿಂದಿ ಬರುತ್ತದೆ ಎಂದು ನಾವು ನಗುತ್ತಿದ್ದೆವು, ಆದರೂ ಬಿಡದೆ ನೋಡುತ್ತಿದ್ದೆವು. ಗೋಕಾಕ್ ಚಳವಳಿಯ ಬಿಸಿ ಆರದಿದ್ದ ನಾಡಿನಲ್ಲಿ, ಸಂಜೆಯ ಉಳಿದ ಚೂರು ಹೊತ್ತಿನಲ್ಲೂ ಇನ್ನೊಂದು ಭಾಷೆಗೆ ಪಾಲು ಎಂದಾಗ ಕೆಲವರಿಗೆ ಎದೆ ಉರಿದದ್ದು ಅರ್ಥವಾಗುತ್ತದೆ. ಅರ್ಥವಾಗದ್ದು, ದೊಡ್ಡ ಪಾಲು ಒಯ್ದ ದೆಹಲಿಯ ಮೇಲಿನ ಸಿಟ್ಟು ಹತ್ತು ನಿಮಿಷ ಪಡೆದ ನೆರೆಮನೆಯವನ ಮೇಲೆ ತೀರಿದ್ದು. ಗಡಿಯಾರ ಹಿಡಿದು ಲೆಕ್ಕ ಹಾಕಿದ್ದರೂ ಸಿಟ್ಟು ಹೋಗಬೇಕಾದ ದಿಕ್ಕು ಬೇರೆಯಿತ್ತು.

ಪ್ರಶ್ನೆ ಇಷ್ಟು: ಒಂದು ಊರಿನ ಸಾರ್ವಜನಿಕ ಟಿ.ವಿ. ಕೇಂದ್ರ ಯಾರದು? ಆ ರಾಜ್ಯದ ಭಾಷೆಯದೋ, ಆ ಊರಿನಲ್ಲಿ ಬದುಕುವವರದೋ?

ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೂತು ಕೇಳುವುದಕ್ಕೂ ಡೊಂಬಿವಿಲಿಯಲ್ಲಿ ಕೂತು ಕೇಳುವುದಕ್ಕೂ ವ್ಯತ್ಯಾಸವಿದೆ. ಮುಂಬಯಿ ಕೇಂದ್ರ ಶುರುವಾದದ್ದು 1972ರಲ್ಲಿ, ಅದೂ ಅಕ್ಟೋಬರ್ 2ರಂದೇ. ಅಲ್ಲಿ ಮರಾಠಿಯ ಜೊತೆ ಗುಜರಾತಿಗೂ ಪಾಲಿತ್ತು, ಹಿಂದಿಗೂ. ಕನ್ನಡ ಬೇಕೆಂದರೆ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಕ್ಕೆ ಕಾಯಬೇಕು. ನಾನು ಬಾಡಿಗೆಗಿದ್ದ ಚಾಳಿನಲ್ಲಿ ಒಬ್ಬರು ಹಿರಿಯ ಹೋಟೆಲಿನವರಿದ್ದರು, ಕುಂದಾಪುರದ ಕಡೆಯವರು. ಕನ್ನಡದ ಸರದಿ ಬಂದ ಭಾನುವಾರ ಅವರು ಊಟ ಮಾಡಿ ಮಲಗುತ್ತಿರಲಿಲ್ಲ. ಚಿತ್ರ ಬಹುತೇಕ ಪ್ರಶಸ್ತಿ ಪಡೆದದ್ದು, ಮೌನ ಜಾಸ್ತಿ. 'ಎಂತದ್ದು ಮಾರಾಯ, ಮಾತೇ ಆಡುದಿಲ್ವಲ್ಲ ಇವ್ರು' ಎಂದು ಬೈಯುತ್ತಲೇ ಕೊನೆಯವರೆಗೂ ಕೂರುತ್ತಿದ್ದರು. ಅವರಿಗೆ ಬೇಕಿದ್ದದ್ದು ಕಲೆಯಲ್ಲ. ಸರಕಾರದ ಪೆಟ್ಟಿಗೆಯಿಂದ ತನ್ನ ಭಾಷೆ ಹೊರಬರುವುದನ್ನು ಚಾಳಿನವರೆಲ್ಲ ಕೇಳಬೇಕಿತ್ತು. ವಾಲ್ಯೂಮು ಸ್ವಲ್ಪ ಹೆಚ್ಚೇ ಇರುತ್ತಿತ್ತು.

ಮುಂಬಯಿಯಲ್ಲಿ ದಿನಕ್ಕೆ ಹತ್ತು ನಿಮಿಷ ಕನ್ನಡ ವಾರ್ತೆ ಕೊಟ್ಟಿದ್ದರೆ, ಇದು ಮಹಾರಾಷ್ಟ್ರ, ಇಲ್ಲಿ ನಿಮ್ಮ ಭಾಷೆಗೇನು ಕೆಲಸ ಎಂದು ಯಾರಾದರೂ ಬೀದಿಗಿಳಿದಿದ್ದರೆ, ನಮ್ಮ ಸಂಘಗಳು ಏನೆನ್ನುತ್ತಿದ್ದವು ಎಂದು ಊಹಿಸಲು ಕಷ್ಟವಿಲ್ಲ. ಆ ಮಾತನ್ನೇ 1994ರ ಬೆಂಗಳೂರಿಗೆ ಒಯ್ದು ಆಡಿ ನೋಡಬೇಕು.

ಈ ಹೋಲಿಕೆಯಲ್ಲಿ ಒಂದು ದೋಷವಿದೆ, ಅದು ನಮಗೆ ಅನುಕೂಲವಾದ ದೋಷವಲ್ಲ. ನಾವು ಹೆಚ್ಚಿನವರು ಮುಂಬಯಿಗೋ ಪುಣೆಗೋ ಬಂದದ್ದು ಕೆಲಸ ಹುಡುಕಿ, ಒಂದೆರಡು ತಲೆಮಾರಿನ ಕೆಳಗೆ. ಕರ್ನಾಟಕದ ಉರ್ದು, ದಖನಿ ಮಾತಿನವರು ಎಲ್ಲಿಂದಲೋ ರೈಲು ಹತ್ತಿ ಬಂದವರಲ್ಲ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ದಖನಿಯಲ್ಲಿ 'ಕಿತಾಬ್-ಎ-ನವರಸ್' ಬರೆದು ನಾನೂರು ವರ್ಷವಾಯಿತು. ಇಂದಿಗೂ ರಾಜ್ಯದ ನೂರು ಜನರಲ್ಲಿ ಹತ್ತರ ಆಸುಪಾಸು ಉರ್ದುವನ್ನು ಮನೆಮಾತೆಂದು ಬರೆಸುತ್ತಾರೆ. ಅವರನ್ನು ಹೋಲಿಸಬೇಕಾದದ್ದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರೊಂದಿಗೆ. ಮನೆ ಬದಲಾಯಿಸದೆಯೇ ರಾಜ್ಯ ಬೇರೆಯಾದವರು ಅವರು. ಅಕ್ಕಲಕೋಟೆಯವರಿಗೆ ಕನ್ನಡ ಶಾಲೆ ಬೇಕು, ಕನ್ನಡ ಬೋರ್ಡು ಬೇಕು ಎಂದು ನಾವು ಮನವಿಗೆ ಸಹಿ ಹಾಕುತ್ತೇವೆ. ಹಾಕಬೇಕಾದದ್ದೇ. ಆ ಸಹಿಯ ಕೆಳಗೆ ಬೆಂಗಳೂರಿನ ಹತ್ತು ನಿಮಿಷವೂ ಬರುತ್ತದೆ, ಬರೆಯದಿದ್ದರೂ.

ಹೈದರಾಬಾದಿನ ಓದುಗರಿಗೆ ಇನ್ನೊಂದು ಸಂಗತಿ ಇಷ್ಟವಾಗಬಹುದು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿನ ಜಾಲರಿಯಿಂದ ಮಾಡಿದ ದೊಡ್ಡ ಡಿಶ್, ಊರಿಗೊಂದೇ ಟಿ.ವಿ., ಮುಂದೆ ನೆಲದ ಮೇಲೆ ಊರ ಜನ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ, ತೆಲುಗಿನ ಜೊತೆ. ಬೆಂಗಳೂರಿಗೆ ಟಿ.ವಿ. ಬರುವ ಆರು ವರ್ಷ ಮೊದಲೇ ಕನ್ನಡ ಪರದೆಯ ಮೇಲೆ ಮಾತಾಡಿತ್ತು, ಅದೂ ಉರ್ದು ಮತ್ತು ತೆಲುಗಿನ ಊರಿನಲ್ಲಿ ತಯಾರಾಗಿ.

ಕೊರತೆಯಿದ್ದ ಕಾಲದಲ್ಲಿ ಜಗಳ ಸಹಜ, ಈಗ ಬೇಕಾದಷ್ಟು ಚಾನೆಲ್ ಇವೆ, ಆ ಪ್ರಶ್ನೆ ಮುಗಿಯಿತು ಎಂದು ಒಬ್ಬ ಗೆಳೆಯ ವಾದಿಸಿದ. ಉದಯ ಟಿ.ವಿ. ಬಂದದ್ದೂ ಅದೇ 1994ರಲ್ಲಿ ಎಂಬುದು ಅವನ ವಾದಕ್ಕೆ ಬಲ. ಇಂದು ಪುಣೆಯಲ್ಲಿ ತಿಂಗಳ ದುಡ್ಡು ಕಟ್ಟಿದರೆ ಹತ್ತಾರು ಕನ್ನಡ ಚಾನೆಲ್ಲು. ನಾನು ಒಪ್ಪಲಿಲ್ಲ. ದುಡ್ಡು ಕೊಟ್ಟು ಪಡೆಯುವಾಗ ನಾನು ಗಿರಾಕಿ, ನಾಳೆ ಗಿರಾಕಿಗಳು ಕಡಿಮೆಯಾದರೆ ಆ ಚಾನೆಲ್ ಪ್ಯಾಕಿನಿಂದ ಹೋಗುತ್ತದೆ, ಕೇಳುವ ಹಾಗಿಲ್ಲ. ಸಾರ್ವಜನಿಕ ಕೇಂದ್ರದ ಹತ್ತು ನಿಮಿಷ ಹೇಳುವುದೇ ಬೇರೆ. ನೀನು ಈ ಊರಿನವನು, ಈ ಊರಿನ ಸುದ್ದಿ ನಿನಗೆ ನಿನ್ನ ಮಾತಿನಲ್ಲಿ ತಿಳಿಯಬೇಕು ಎನ್ನುತ್ತದೆ ಅದು. ಹೋಟೆಲಿನ ಹಿರಿಯರು ವಾಲ್ಯೂಮು ಏರಿಸುತ್ತಿದ್ದದ್ದು ಅದಕ್ಕೇ.

ಗೆಳೆಯ ಕೊನೆಗೆ ಕೇಳಿದ ಪ್ರಶ್ನೆಗೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಉರ್ದುವಿಗೆ ಹತ್ತು ಎಂದರೆ ತುಳುವಿಗೆ, ಕೊಡವಕ್ಕೆ, ಕೊಂಕಣಿಗೆ, ಲಂಬಾಣಿಗೆ, ತಮಿಳಿಗೆ ಎಷ್ಟು? ಕನ್ನಡಕ್ಕೆ ಉಳಿಯುವುದೆಷ್ಟು? ಕನ್ನಡಕ್ಕೆ ಕರ್ನಾಟಕ ಬಿಟ್ಟರೆ ಬೇರೆ ಮನೆಯಿಲ್ಲ ಎಂಬ ಅವನ ಮಾತಿನಲ್ಲಿ ಹುರುಳಿದೆ, ಆದ್ದರಿಂದ ದೊಡ್ಡ ಪಾಲು ಕನ್ನಡಕ್ಕೇ ಇರಬೇಕು ಎಂದು ನಾನೂ ಹೇಳುತ್ತೇನೆ. ಆದರೆ ತುಳುವಿಗೂ ಕೊಡವಕ್ಕೂ ಅದೇ ಮಾತು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಯಾರಿಗೆ ಎಷ್ಟು ನಿಮಿಷ ಎಂದು ಪಟ್ಟಿ ಮಾಡಲು ಕೂತೆವು. ಎರಡು ಸಲ ಚಹಾ ಆಯಿತು. ತಮಿಳಿನ ಹತ್ತಿರ ಬಂದಾಗ ಅವನ ದನಿ ಏರಿತು, ಲಂಬಾಣಿಯ ಹತ್ತಿರ ಬಂದಾಗ ನನಗೆ ಆ ಭಾಷೆಯ ಒಂದು ವಾಕ್ಯವೂ ಬರುವುದಿಲ್ಲ ಎಂಬುದು ನೆನಪಾಯಿತು. ಪಟ್ಟಿ ಇನ್ನೂ ಅವನ ಡೈರಿಯಲ್ಲಿದೆ, ಅರ್ಧಕ್ಕೆ.