ಹಾಸಿಗೆಯ ಬಳಿಯ ಕುರ್ಚಿ

ರೋಗಿಯ ಬಳಿಗೆ ಬಂದ ವೈದ್ಯನು ನಿಂತು ಮಾತನಾಡುವುದಕ್ಕೂ ಕುಳಿತು ಮಾತನಾಡುವುದಕ್ಕೂ ಏನು ಭೇದ? ರೋಗವೂ ಅದೇ, ಔಷಧವೂ ಅದೇ. ಆದರೆ ಮಲಗಿದವನ ಸ್ಥಾನದಿಂದ ನೋಡಿರಿ. ತನ್ನ ಪ್ರಾಣದ ವಿಚಾರವನ್ನು ಆತನು ಕತ್ತೆತ್ತಿ ಕೇಳಬೇಕಾಗಿದೆ. ನಿಂತವರ ಕಾಲು ಬಾಗಿಲ ಕಡೆಗೇ ತಿರುಗಿದಂತೆ ಆತನಿಗೆ ತೋರುತ್ತದೆ.

ಅಮೆರಿಕೆಯ ಟೆಕ್ಸಾಸ್ ರಾಜ್ಯದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ನಡೆದ ಪ್ರಯೋಗದ ವರದಿಯು 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯರಿಗೆ ಯಾರೂ ಉಪದೇಶ ಮಾಡಲಿಲ್ಲ. ಪ್ರಯೋಗದ ನಿಜವಾದ ಉದ್ದೇಶವನ್ನೂ ತಿಳಿಸಲಿಲ್ಲ. ಕೆಲವು ಭೇಟಿಗಳ ಮುನ್ನ ಕುರ್ಚಿಯೊಂದನ್ನು ಹಾಸಿಗೆಯಿಂದ ಮೂರು ಅಡಿಗಳೊಳಗೆ, ರೋಗಿಗೆ ಅಭಿಮುಖವಾಗಿ ಇರಿಸಿದರು. ಉಳಿದವುಗಳಲ್ಲಿ ಅದನ್ನು ಇದ್ದಲ್ಲಿಯೇ ಬಿಟ್ಟರು. ಕುರ್ಚಿ ಸಮೀಪವಿದ್ದ 60 ಭೇಟಿಗಳಲ್ಲಿ 38ರಲ್ಲಿ ವೈದ್ಯರು ಕುಳಿತರು. ಇಲ್ಲದ 65ರಲ್ಲಿ ಕೇವಲ 5ರಲ್ಲಿ. ಭೇಟಿಯ ಅವಧಿ ಹೆಚ್ಚಲಿಲ್ಲ, ರೋಗಿಗಳ ತೃಪ್ತಿ ಮಾತ್ರ ಸುಮಾರು ಶೇಕಡಾ 4ರಷ್ಟು ಹೆಚ್ಚಿತು. ಉಪದೇಶವನ್ನೇ ಕಾಯಕ ಮಾಡಿಕೊಂಡ ನಮ್ಮಂಥವರಿಗೆ ಇದು ತುಸು ನಾಚಿಕೆಯ ಸಂಗತಿಯೇ ಸರಿ.

ಹಾಗಾದರೆ ಆ ಸೌಜನ್ಯವು ವೈದ್ಯನದೋ, ಕುರ್ಚಿಯದೋ? ಕರ್ತವ್ಯಪ್ರಜ್ಞೆಯಿಂದ ಹುಟ್ಟದ ಕ್ರಿಯೆಗೆ ನೈತಿಕ ಮೌಲ್ಯವಿಲ್ಲವೆಂಬುದು ಜರ್ಮನಿಯ ತತ್ತ್ವಜ್ಞ ಕಾಂಟನ ಮತ. ನ್ಯಾಯವಾದುದನ್ನು ಮಾಡುತ್ತ ಮಾಡುತ್ತಲೇ ಮನುಷ್ಯನು ನ್ಯಾಯವಂತನಾಗುವನೆಂದು ಗ್ರೀಸಿನ ಅರಿಸ್ಟಾಟಲನು ಬಗೆದಿದ್ದನು. ಈ ವಿಷಯದಲ್ಲಿ ನಮ್ಮ ಮನಸ್ಸು ಅರಿಸ್ಟಾಟಲನ ಕಡೆಗೆ ವಾಲುತ್ತದೆ. ಕುರ್ಚಿಯು ಯಾರನ್ನೂ ಕೈಹಿಡಿದು ಎಳೆಯಲಿಲ್ಲ; 22 ಭೇಟಿಗಳಲ್ಲಿ ಅದು ಬರಿದಾಗಿಯೇ ಉಳಿಯಿತು. ಕುಳಿತವರೂ ಮೊದಲು ಕಲ್ಲೆದೆಯವರಾಗಿದ್ದರೆಂದಲ್ಲ. ಕೆಲಸದ ಅವಸರದಲ್ಲಿ ಮರೆತುಹೋದ ಸದ್ಭಾವಕ್ಕೆ ಕುಳಿತುಕೊಳ್ಳಲು ಒಂದು ಎಡೆ ದೊರೆಯಿತು, ಅಷ್ಟೆ.

ಆದರೂ ಒಂದು ಶಂಕೆ ನಮ್ಮನ್ನು ಬಿಡದು. ಕಾನ್ಸಾಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಳಿತ ಶಸ್ತ್ರವೈದ್ಯನು ರೋಗಿಯ ಬಳಿ ಇದ್ದುದು ಸರಾಸರಿ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ರೋಗಿಗಳಾದರೋ ಐದು ನಿಮಿಷ ಮೀರಿತೆಂದು ಭಾವಿಸಿದರು. ಇದನ್ನು ಓದಿದ ಆಡಳಿತಗಾರನೊಬ್ಬನು, ಕುರ್ಚಿ ಹಾಕಿದರೆ ಸಾಕು, ಒಬ್ಬ ವೈದ್ಯನಿಂದ ಇನ್ನಷ್ಟು ರೋಗಿಗಳನ್ನು ನೋಡಿಸಬಹುದು ಎಂದು ಲೆಕ್ಕ ಹಾಕಿದರೆ? ಆಗ ರೋಗಿಗೆ ಸಿಕ್ಕುವುದು ಸಮಯವಲ್ಲ, ಸಮಯದ ಭ್ರಾಂತಿ. ಅದೇ ಕುರ್ಚಿ, ಅದೇ ಮೂರು ಅಡಿ; ಆದರೆ ಇರಿಸಿದವನ ಸಂಕಲ್ಪ ಬೇರೆ. ಆದುದರಿಂದ ಇಲ್ಲಿ ಪರೀಕ್ಷೆಗೆ ಒಳಗಾಗಬೇಕಾದವನು ಕುಳಿತವನಿಗಿಂತ ಹೆಚ್ಚಾಗಿ ಕುರ್ಚಿಯನ್ನು ಇರಿಸಿದವನು.

ಇಷ್ಟೆಲ್ಲ ವಿಚಾರಿಸಿದ ಮೇಲೂ ನಮ್ಮ ನೆನಪಿಗೆ ಮತ್ತೆ ಮತ್ತೆ ಬರುವುದು ಟೆಕ್ಸಾಸಿನ ಆ ಐದು ಭೇಟಿಗಳು. ಅಲ್ಲಿ ಯಾರೂ ಕುರ್ಚಿಯನ್ನು ಹತ್ತಿರ ತಂದಿಟ್ಟಿರಲಿಲ್ಲ. ಕುಳಿತುಕೊಳ್ಳಲು ವೈದ್ಯನು ತಾನೇ ಸುತ್ತ ನೋಡಿರಬೇಕು.