ನೋಟವೂ ದರ್ಶನವೂ

ಒಂದು ಸ್ಥಳಕ್ಕೆ ಹೋಗಿ ಬಂದವನು ಆ ಸ್ಥಳವನ್ನು ಕಂಡವನೆಂದು ಹೇಳಬಹುದೇ? ಈ ಪ್ರಶ್ನೆಯು ಮೊದಲಿಗೆ ಹುರುಳಿಲ್ಲದ್ದಾಗಿ ತೋರುವದು. ಕಾಲು ಅಲ್ಲಿ ನಡೆದಿದೆ, ಕಣ್ಣು ತೆರೆದಿದೆ, ಇನ್ನೇನು ಬೇಕು? ಆದರೆ ನೈಯಾಯಿಕರು ಇದರಲ್ಲಿ ಒಂದು ಸೂಕ್ಷ್ಮವನ್ನು ತಿಳಿಸಿರುವರು. ಕಣ್ಣು ವಸ್ತುವಿನ ಮೇಲೆ ಬಿದ್ದ ಮಾತ್ರಕ್ಕೆ ಪ್ರತ್ಯಕ್ಷಜ್ಞಾನವು ಹುಟ್ಟಲಾರದು. ಮನಸ್ಸು ಆ ಕಣ್ಣಿನೊಡನೆ ಕೂಡಿರಬೇಕು. ಆ ಮನಸ್ಸಾದರೋ ಅಣುಸ್ವರೂಪದ್ದು. ಏಕಕಾಲಕ್ಕೆ ಎರಡು ಕಡೆಗೆ ನಿಲ್ಲಲಾರದು. ಆದುದರಿಂದ ಮುಂದಿನ ಊರಿನಲ್ಲಿ ಮನಸ್ಸಿಟ್ಟವನಿಗೆ ಎದುರಿಗಿರುವ ಊರು ಕಾಣುವದಿಲ್ಲ.

ಧಾರವಾಡದ ಕಡೆಯಿಂದ ಪ್ರವಾಸಕ್ಕೆ ಹೊರಟ ಒಂದು ಕುಟುಂಬವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಅಜ್ಜಿ, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಹೀಗೆ ಹತ್ತು ಹನ್ನೊಂದು ಜನರು. ವಾಹನ ಬಾಡಿಗೆಯದು, ರಜೆ ಒಂದೇ ದಿನದ್ದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕನ್ನೂ ರಾತ್ರಿಯೊಳಗೆ ಮುಗಿಸಬೇಕೆಂದು ಹಿರಿಯ ಮಗನು ಚೀಟಿ ಬರೆದುಕೊಂಡಿದ್ದನು. ಹೊರಟದ್ದು ಮಾತ್ರ ಅಜ್ಜಿಯ ಹೆಸರಿನಿಂದ. ಎಲ್ಲಮ್ಮನ ಗುಡ್ಡವನ್ನು ಇನ್ನೊಮ್ಮೆ ಏರಬೇಕೆಂಬುದು ಆಕೆಯ ಬಹುದಿನದ ಹಂಬಲವಾಗಿತ್ತು.

ಕಿತ್ತೂರಿನ ಕೋಟೆಯಲ್ಲಿ ಅರಮನೆಯ ಗೋಡೆಗಳು ಮುರಿದು ನಿಂತಿವೆ. ಧ್ರುವನಕ್ಷತ್ರವನ್ನು ನೋಡುವದಕ್ಕಾಗಿ ಇಟ್ಟದ್ದೆಂದು ಅಲ್ಲಿ ಒಂದು ಕಿಂಡಿಯನ್ನು ತೋರಿಸುವರು. ಹುಡುಗರು ಹಾಡುಹಗಲಿನಲ್ಲಿ ಅದಕ್ಕೆ ಕಣ್ಣು ಹಚ್ಚಿ, ಬರಿಯ ಬೆಳಕನ್ನು ಕಂಡು, ಫೋಟೋ ತೆಗೆಸಿಕೊಂಡು ಓಡಿದರು. 1824ನೆಯ ಅಕ್ಟೋಬರ 23ರಂದು ಇಲ್ಲಿಯೇ ಧಾರವಾಡದ ಕಲೆಕ್ಟರ ಥ್ಯಾಕರೆಯು ಕಾಳಗದಲ್ಲಿ ಬಿದ್ದನು. ಅದೇ ಡಿಸೆಂಬರದಲ್ಲಿ ಇಂಗ್ಲಿಷರ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲಕ್ಕೆ ಒಯ್ದು ಸೆರೆಯಲ್ಲಿಟ್ಟರು. ಇದನ್ನು ಮಕ್ಕಳಿಗೆ ಹೇಳುವಷ್ಟು ಹೊತ್ತು ಯಾರಿಗೂ ಇರಲಿಲ್ಲ.

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಮೋಟಾರಿನಲ್ಲಿ ಒಂದು ತಾಸೂ ಹಿಡಿಯದು. ಅಷ್ಟೇ ದೂರವನ್ನು ಆ ರಾಣಿಯು ಒಮ್ಮೆ ಹೋದಳು, ಮತ್ತೆ ಮರಳಲಿಲ್ಲ. ನಾಲ್ಕು ವರ್ಷಕ್ಕೆ ಮೇಲ್ಪಟ್ಟು ಸೆರೆಯಲ್ಲಿದ್ದು 1829ನೆಯ ಫೆಬ್ರುವರಿ 2ರಂದು ಅಲ್ಲಿಯೇ ದೇಹವಿಟ್ಟಳು. ಆಕೆಯ ಸಮಾಧಿಯ ಹತ್ತಿರ ಅಜ್ಜಿಯು ಕುಳಿತುಬಿಟ್ಟಳು. “ಗ್ವಾಡಿ ನೋಡ್ಕೋತ ನಾಕ ವರ್ಷ ಹ್ಯಾಂಗ ಕಳದಳೋ ತಾಯಿ” ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಮಗನು ಗಡಿಯಾರವನ್ನು ನೋಡಿ, “ಯವ್ವಾ, ಏಳು, ಹೊತ್ತಾತು. ಇನ್ನೂ ಎರಡ ಊರು ಅದಾವು” ಎಂದನು. ಆಕೆ ಸುಮ್ಮನೆ ಎದ್ದಳು. ಆ ದಿನ ಅವರಲ್ಲಿ ಬೈಲಹೊಂಗಲವನ್ನು ನಿಜವಾಗಿ ಕಂಡವಳು ಆ ಮುದುಕಿಯೊಬ್ಬಳೇ, ಆಕೆಯನ್ನೇ ಎಬ್ಬಿಸಿದರು.

ಇನ್ನು ಸವದತ್ತಿ. ಎಳೆತನದಲ್ಲಿ ಆಕೆ ಭಾರತ ಹುಣ್ಣಿಮೆಗೆ ಚಕ್ಕಡಿಯಲ್ಲಿ ಬಂದವಳು. ದಾರಿಯಲ್ಲಿ ಮೂರು ಕಲ್ಲಿನ ಒಲೆ, ಗಿಡದ ಕೆಳಗೆ ವಸ್ತಿ, ಹಿಂದೆ ಮುಂದೆ ನೂರಾರು ಬಂಡಿಗಳಿಂದ ಉಧೋ ಉಧೋ ಎಂಬ ಕೂಗು. ಗುಡ್ಡವು ಕಣ್ಣಿಗೆ ಬೀಳುವ ಹೊತ್ತಿಗೆ ಮನಸ್ಸು ತಾನಾಗಿ ಹಣ್ಣಾಗಿರುತ್ತಿತ್ತು. ಆ ನಿಧಾನವೇ ಅರ್ಧ ಪೂಜೆಯಾಗಿತ್ತು. ಈ ಸಲ ದೇವಿಯ ದರ್ಶನವು ದೂರದಿಂದಲೇ ಆಯಿತು. ಪಡ್ಡಲಗಿ ತುಂಬಿಸಬೇಕೆಂದು ಅಜ್ಜಿಯು ಕೇಳಿದಾಗ, “ಮುಂದಿನ ಸಲ ತುಂಬಿಸೋಣಂತ” ಎಂದರು. ಎಪ್ಪತ್ತು ದಾಟಿದವರಿಗೆ ಮುಂದಿನ ಸಲದ ಭರವಸೆಯನ್ನು ಕೊಡತಕ್ಕವರಾರು?

ಇಲ್ಲಿ ಒಂದು ಪೂರ್ವಪಕ್ಷವುಂಟು. ದುಡಿದು ತಿನ್ನುವ ಗೃಹಸ್ಥನಿಗೆ ವರುಷಕ್ಕೊಂದು ಬಿಡುವು ಸಿಕ್ಕುವದೇ ಕಷ್ಟ. ಅವಸರದಲ್ಲಿ ನೋಡದಿದ್ದರೆ ಅವನು ಏನನ್ನೂ ನೋಡಲಾರನು. ಹುಡುಗರ ಕಣ್ಣಿಗೆ ಒಮ್ಮೆ ಬಿದ್ದದ್ದು ಬೀಜದಂತೆ ಎಂದಾದರೂ ಮೊಳೆಯಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಚೀನಾದ ಹ್ಯುಯೆನ್‌ತ್ಸಾಂಗನಂತೆ ಹದಿನಾರು ವರ್ಷ ತಿರುಗುವ ಭಾಗ್ಯವು ಎಲ್ಲರಿಗೆಲ್ಲಿಯದು? ಅವನು ಇಲ್ಲಿಂದ ಒಯ್ದ ಗ್ರಂಥಗಳಿಗಾಗಿ 652ರಲ್ಲಿ ಕಟ್ಟಿಸಿದ ಗೋಪುರವು ಈಗ ಶಿಆನ್ ಎಂಬ ಹೆಸರಿನ ಅವನ ನಗರದಲ್ಲಿ ನಿಂತಿದೆ. ಗುಂಪುಗೂಡಿ ಹೋಗುವ ಇಂದಿನ ಪ್ರವಾಸಿಕರು ಅದನ್ನು ಕೂಡ ಗಡಿಯಾರ ನೋಡುತ್ತಲೇ ಸುತ್ತಿಬರುವರು. ಹಾಗೆಂದು ಹಲವು ಊರುಗಳನ್ನು ನೋಡುವದೇ ದೋಷವಲ್ಲ. ಹ್ಯುಯೆನ್‌ತ್ಸಾಂಗನು ಎಷ್ಟೋ ರಾಜ್ಯಗಳನ್ನು ದಾಟಿದನು. ಆದರೆ ನಾಲಂದೆಯಲ್ಲಿ ಗುರುಗಳ ಮುಂದೆ ಕುಳಿತಾಗ ವರ್ಷಗಟ್ಟಲೆ ಅಲ್ಲಿಯೇ ನಿಂತನು. ಎಲ್ಲಿ ನಿಲ್ಲಬೇಕೆಂಬುದನ್ನು ಅವನು ಅರಿತಿದ್ದನು.

ಹಾಗಾದರೆ ದೋಷವಾವುದು? ಊರುಗಳನ್ನು ಎಣಿಸಿ ಗೆರೆ ಹಾಕುವದು, ಮತ್ತು ಆ ಎಣಿಕೆಗಾಗಿ ಜೊತೆಯವರ ಮನಸ್ಸನ್ನು ತುಳಿಯುವದು. ಸೆರೆಯಲ್ಲಿ ಸತ್ತವಳ ಸಮಾಧಿಗೆ ಹೋದವನು ಆಕೆಗೆ ಸ್ವಲ್ಪ ಹೊತ್ತಿನ ಏಕಚಿತ್ತವನ್ನಾದರೂ ಸಲ್ಲಿಸತಕ್ಕದ್ದು, ಅದು ಋಣ. ಹೆತ್ತವಳ ಹೆಸರಿನಿಂದ ಹೊರಟವನು ಆಕೆ ಕುಳಿತಲ್ಲಿ ತಾನೂ ಕುಳಿತುಕೊಳ್ಳತಕ್ಕದ್ದು. ಅದು ಅದಕ್ಕೂ ಹಿರಿಯ ಋಣ.

ಆ ಕುಟುಂಬವು ರಾಮದುರ್ಗವನ್ನು ಮುಟ್ಟುವಾಗ ಕತ್ತಲಾಗಿತ್ತು. 1948ರ ವರೆಗೆ ಸಂಸ್ಥಾನವಾಗಿದ್ದ, 1939ರಲ್ಲಿ ಪ್ರಜೆಗಳ ಚಳವಳಿಯಲ್ಲಿ ರಕ್ತವನ್ನು ಕಂಡ ಆ ಊರಿನಲ್ಲಿ ಅವರು ಚಹಾ ಕುಡಿದು, ಚೀಟಿಯಲ್ಲಿ ಕೊನೆಯ ಗೆರೆ ಎಳೆದರು. ಸುರೇಬಾನದ ಹತ್ತಿರದ ಶಬರಿಕೊಳ್ಳವು ಹಾಗೆಯೇ ಉಳಿಯಿತು. ಶಬರಿಯು ಶ್ರೀರಾಮನನ್ನು ಕಾದದ್ದು ಅಲ್ಲಿಯೇ ಎಂದು ಆ ಸೀಮೆಯವರ ನಂಬಿಗೆ. ಆಕೆ ಊರೂರು ತಿರುಗಲಿಲ್ಲ. ಒಂದೇ ಕಡೆಗೆ ಕುಳಿತು, ದಿನವೂ ಹಣ್ಣು ಆರಿಸಿಟ್ಟು, ಮುಪ್ಪಾಗುವ ವರೆಗೆ ಕಾದಳು; ಬಂದವನನ್ನು ಕಣ್ತುಂಬ ಕಂಡಳು. ಲೋಕವು ಅದನ್ನು ದರ್ಶನವೆಂದು ಕರೆಯಿತು.

ಗೃಹಸ್ಥರು ಶಬರಿಯಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಮುಂದಿನ ಸಲ ಚೀಟಿ ಬರೆಯುವಾಗ ನಾಲ್ಕು ಹೆಸರುಗಳಲ್ಲಿ ಎರಡನ್ನು ಹೊಡೆದುಹಾಕಬಹುದು. ಬರೆಯುವ ಮೊದಲು, ಎಲ್ಲಿ ಕುಳಿತುಕೊಳ್ಳಬೇಕೆಂದಿರುವಿರಿ ಎಂದು ಮನೆಯ ಹಿರಿಯರನ್ನು ಒಂದು ಮಾತು ಕೇಳಬಹುದು. ಅವರು ತಾವಾಗಿ ಏಳುವ ವರೆಗೆ ವಾಹನವು ನಿಂತಿರಲಿ.